ಬೇಸ್‌ಮೆಂಟಿನಲ್ಲೊಂದು ಹವಳದ ಸಸಿಮಡಿ

ಹವಳ ಸಾಕುತ್ತೇನೆ ಅಂದರೆ ಅಮ್ಮ ಈಗಲೂ ಕೇಳೋದು ಒಂದೇ: "ಕುಜನಿಗೆ ಅಂತ ಉಂಗುರದಲ್ಲಿ ಹಾಕ್ಕೋತಾರಲ್ಲ, ಅದೇನಾ?" ಅದಲ್ಲಮ್ಮಾ. ಉಂಗುರದ ಕೆಂಪು ಹವಳ ಬಿಸಿಲು ಅಷ್ಟಾಗಿ ತಲುಪದ ಕಡೆ ಬೆಳೆಯುವ ಬೇರೆ ಜಾತಿ. ನಮ್ಮನೆಯವು ಬೆಳಕಿಲ್ಲದೆ ಬದುಕುವುದಿಲ್ಲ. ಮೈಯೊಳಗೇ ಪಾಚಿ ಇಟ್ಟುಕೊಂಡು, ಅದು ಬೆಳಕಿನಲ್ಲಿ ಮಾಡಿಕೊಟ್ಟ ಸಕ್ಕರೆ ಉಂಡುಕೊಂಡಿರುವ ಪ್ರಾಣಿಗಳು ಇವು.

ನ್ಯೂಜೆರ್ಸಿಯ ನಮ್ಮ ಹಾಲ್‌ನಲ್ಲಿರುವ ದೊಡ್ಡ ಟ್ಯಾಂಕಿನಲ್ಲಿ ಜಾಗದ ಜಗಳ ಶುರುವಾಗಿತ್ತು. ಹ್ಯಾಮರ್ ಹವಳ ರಾತ್ರಿ ಉದ್ದನೆಯ ಎಳೆಗಳನ್ನು ಚಾಚಿ ಪಕ್ಕದವರನ್ನು ಸುಡುತ್ತದೆ. ಕತ್ತರಿಸಲೇಬೇಕು. ಕತ್ತರಿಸಿದ್ದನ್ನು ಎಲ್ಲಿ ಇಡೋದು? ಅದಕ್ಕೇ ಬೇಸ್‌ಮೆಂಟಿನಲ್ಲಿ ಈ ಫ್ರ್ಯಾಗ್ ಟ್ಯಾಂಕ್. ಫ್ರ್ಯಾಗ್ ಅಂದರೆ ತಾಯಿ ಹವಳದಿಂದ ಮುರಿದ ತುಂಡು. ಒಂದೊಂದು ತುಂಡೂ ಹೊಸ ಹವಳವಾಗಿ ಬೆಳೆಯುತ್ತದೆ.

ನೋಡೋಕೆ ಇದು ಚೆಂದದ ಟ್ಯಾಂಕ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. 4 ಅಡಿ ಉದ್ದ, 2 ಅಡಿ ಅಗಲ, ಎತ್ತರ ಬರೀ 1 ಅಡಿ. ತಳದಲ್ಲಿ ಮರಳಿಲ್ಲ, ಬಂಡೆಯಿಲ್ಲ. ಟ್ಯೂಬ್‌ಲೈಟ್ ಕೆಳಗೆ ಹಾಕುವ ಬಿಳಿ ಪ್ಲಾಸ್ಟಿಕ್ ಜಾಲರಿಯನ್ನು ಕತ್ತರಿಸಿ, ಪಿವಿಸಿ ಕಾಲು ಕೊಟ್ಟು ನಿಲ್ಲಿಸಿದ್ದೇನೆ. ಆ ಚೌಕಗಳಲ್ಲಿ, ತುಂಡು ಅಂಟಿಸುವ ಸೆರಾಮಿಕ್ ಪ್ಲಗ್‌ಗಳ ಕಾಲು ಸರಿಯಾಗಿ ಕೂರುತ್ತದೆ. ಎತ್ತರ ಕಮ್ಮಿ ಇಟ್ಟದ್ದು ಬೇಕಂತಲೇ. ಮೊಣಕೈ ನೆನೆಯದೆ ಯಾವ ತುಂಡಿಗೆ ಬೇಕಾದರೂ ಕೈ ಎಟುಕಬೇಕು. ದಿನಾ ಕೈ ಹಾಕುವ ಟ್ಯಾಂಕಿಗೆ ಅದೇ ಮುಖ್ಯ.

ನೀರು ಬೇರೆ ಇಡಬೇಕಾ, ಹಾಲ್‌ನ ಟ್ಯಾಂಕಿನ ನೀರನ್ನೇ ಹಂಚಿಕೊಳ್ಳಬೇಕಾ ಅಂತ ತುಂಬಾ ಯೋಚನೆ ಮಾಡಿದೆ. ಕೊನೆಗೆ ಹಂಚಿಕೊಂಡೆ. ದೊಡ್ಡ ಟ್ಯಾಂಕಿನ ಸಂಪ್ (ಊರಿನ ಮನೆಯ ಸಂಪ್ ಅಲ್ಲ, ಫಿಲ್ಟರು, ಹೀಟರು, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರು ಕೂತಿರುವ ಗಾಜಿನ ತೊಟ್ಟಿ) ಮೊದಲಿನಿಂದಲೂ ಬೇಸ್‌ಮೆಂಟಿನಲ್ಲೇ ಇತ್ತು. ಸಂಪಿನ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪಿನ ಪೈಪಿಗೆ ಒಂದು ವಾಲ್ವ್ ಹಾಕಿ ಕವಲು ತೆಗೆದೆ. ಹೊಸ ಟ್ಯಾಂಕು ತುಂಬಿ ಹರಿದ ನೀರು ಮತ್ತೆ ಅದೇ ಸಂಪಿಗೆ ಬೀಳುತ್ತದೆ. ಲಾಭ ಏನಂದ್ರೆ, ಕತ್ತರಿಸಿದ ತುಂಡಿಗೆ ನೀರು ಬದಲಾದದ್ದೇ ಗೊತ್ತಾಗುವುದಿಲ್ಲ. ಅದೇ ಉಪ್ಪು, ಅದೇ 25 ಡಿಗ್ರಿ. ಹೊಸ ನೀರು ಹದಕ್ಕೆ ಬರಲಿ ಅಂತ ವಾರಗಟ್ಟಲೆ ಕಾಯುವುದೂ ತಪ್ಪಿತು. ನಷ್ಟವೂ ಇದೆ. ಒಂದಕ್ಕೆ ಹುಳ ಬಂದರೆ ಎರಡಕ್ಕೂ ಬಂತು ಅಂತಲೇ ಲೆಕ್ಕ.

ಪೈಪ್ ಕೆಲಸ ಮುಗಿದ ಮೇಲೆ ಮೊದಲು ಮಾಡಬೇಕಾದ್ದು ಕರೆಂಟ್ ಹೋದರೆ ಏನಾಗುತ್ತೆ ಅನ್ನೋ ಪರೀಕ್ಷೆ. ಪಂಪ್ ನಿಂತರೆ ಟ್ಯಾಂಕುಗಳ ನೀರು ರಿಟರ್ನ್ ಪೈಪಿನಲ್ಲೇ ಹಿಂದಕ್ಕೆ ಇಳಿದು ಸಂಪಿಗೆ ಬರುತ್ತದೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆದರೆ ಅಲ್ಲಿ ಗಾಳಿ ಎಳೆದು ಹರಿವು ನಿಲ್ಲುತ್ತದೆ. ಆ ತೂತು ಪಾಚಿ ಕಟ್ಟಿ ಮುಚ್ಚಿದರೆ ಮಾತ್ರ ಸಂಪು ತುಂಬಿ ಹರಿದು ದೇವರೇ ಗತಿ. ಟೂತ್‌ಪಿಕ್ ಹಾಕಿ ಆಗಾಗ ಚುಚ್ಚಿ ನೋಡ್ತಾ ಇರಿ.

ಇನ್ನು ಕತ್ತರಿಸೋದು. ನನಗೆ ಇಷ್ಟವಾದ ಕೆಲಸ ಇದೇ. ಕವಲೊಡೆಯುವ ಹ್ಯಾಮರ್ ಸುಲಭ. ನೀರಿನಿಂದ ಎತ್ತಿದ ಕೂಡಲೇ ಎಳೆಗಳೆಲ್ಲ ಒಳಗೆ ಸರಿದು, ಸುಣ್ಣದ ಕಡ್ಡಿಯ ತುದಿಯಲ್ಲಿ ಹಸಿರು ಮಾಂಸದ ಗಂಟು ಮಾತ್ರ ಉಳಿಯುತ್ತದೆ. ಮಾಂಸ ಮುಗಿದ ಜಾಗದಿಂದ ಒಂದಿಂಚು ಕೆಳಗೆ ಬೋನ್ ಕಟರ್ ಇಟ್ಟು ಒತ್ತಿದರೆ ಚಟ್ ಅಂತ ಮುರಿಯುತ್ತದೆ. ಬುಡದ ನೀರನ್ನು ಟಿಶ್ಯೂನಲ್ಲಿ ಒತ್ತಿ ತೆಗೆದು, ಪ್ಲಗ್ಗಿನ ಮೇಲೆ ಜೆಲ್ ಸೂಪರ್ ಗ್ಲೂ ಹಾಕಿ, ಸ್ವಲ್ಪ ತಿರುಚಿ ಕೂರಿಸಬೇಕು. ನೀರಿಗೆ ಇಳಿಸುತ್ತಲೇ ಗ್ಲೂ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಂಟಿಗೆ ನೀರಾಗಲ್ಲ ಅಂತ ಭಯ ಬೇಡ, ಈ ಅಂಟು ಗಟ್ಟಿಯಾಗೋದೇ ತೇವಕ್ಕೆ. ಸಂಜೆಯೊಳಗೆ ಎಳೆಗಳು ಮತ್ತೆ ಇಣುಕಿದರೆ ಗೆದ್ದ ಹಾಗೆ.

ಮೊಂಟಿಪೊರಾದ್ದು ಬೇರೆ ಥರ. ಬಿಲ್ಲೆಯಂತಿರುವ ಹವಳವನ್ನು ಕೈಯಲ್ಲೇ ಮುರಿಯಬಹುದು. ಪ್ಲಗ್ಗಿಗೆ ಅಂಟಿಸಿದ ಮೇಲೆ ಅಂಚಿನಲ್ಲಿ ಬಿಳಿ ಗೆರೆಯೊಂದು ಮೂಡಿ, ಕಾವಲಿ ಮೇಲೆ ದೋಸೆ ಹಿಟ್ಟು ಹರಡುವ ಹಾಗೆ ಪ್ಲಗ್ಗನ್ನು ತುಂಬುತ್ತಾ ಹೋಗುತ್ತದೆ. ಫ್ಲಾರಿಡಾದ ಮೋಟ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ಡೇವಿಡ್ ವಾನ್ ಈ ಸಂಗತಿಯನ್ನೇ ಹಿಡಿದು, ಬಂಡೆ ಹವಳಗಳನ್ನು ಚಿಕ್ಕ ಚಿಕ್ಕ ಚೂರು ಮಾಡಿ ಬೆಳೆಸುವ ವಿಧಾನ ರೂಪಿಸಿದರು. ಚೂರು ಚಿಕ್ಕದಾದಷ್ಟೂ ಗಾಯ ಮುಚ್ಚಿಕೊಳ್ಳುವ ಅವಸರದಲ್ಲಿ ಬೇಗ ಹರಡುತ್ತದೆ. ಅಲ್ಲಿ ಅದನ್ನು ಸಮುದ್ರದ ಹಾಳಾದ ದಿಬ್ಬಗಳಿಗೆ ಹಚ್ಚುತ್ತಾರೆ, ಇಲ್ಲಿ ನಾವು ಪ್ಲಗ್ಗಿಗೆ.

ಜೋವಾಂಥಿಡ್ (ಬಂಡೆ ಮೇಲೆ ಗುಂಪಾಗಿ ಹಬ್ಬುವ, ಹವಳದ ಮೆತ್ತನೆ ನೆಂಟ) ಕತ್ತರಿಸುವಾಗ ಮಾತ್ರ ಕೈಗವಸು, ಕನ್ನಡಕ ಇಲ್ಲದೆ ಕೂರಬೇಡಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರಿ ವಿಷ ಇರುತ್ತದೆ. ಅವು ಹಬ್ಬಿದ ಬಂಡೆಯನ್ನು ಬಿಸಿನೀರಲ್ಲಿ ಕುದಿಸಿ ತೊಳೆಯೋಕೆ ಹೋಗಿ, ಆವಿ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು.

ಬೆಳಕಿನ ವಿಷಯದಲ್ಲಿ ಆಸೆ ಪಡಬಾರದು. ಟ್ಯಾಂಕು ಆಳವಿಲ್ಲ, ಲೈಟು ಹತ್ತಿರ. ಪಾಚಿಗೆ ಉಪಯೋಗಕ್ಕೆ ಬರುವ ಬೆಳಕನ್ನು ಅಳೆಯುವ ಪಾರ್ ಮೀಟರಿನಲ್ಲಿ ಜೋವಾಂಥಿಡ್, ಹ್ಯಾಮರ್‌ಗಳಿಗೆ 100ರ ಆಸುಪಾಸು, ಆಕ್ರೊಪೊರಾ ಅನ್ನೋ ಕವಲು ಹವಳಕ್ಕೆ 250 ಇದ್ದರೆ ಸಾಕು. ಮೀಟರು ದುಬಾರಿ, ಕೊಳ್ಳಬೇಡಿ. ಇಲ್ಲಿನ ಹವಳ ಸಾಕುವವರ ರೀಫ್ ಕ್ಲಬ್‌ಗಳು ಬಾಡಿಗೆಗೋ ಪುಕ್ಕಟೆಗೋ ಕೊಡುತ್ತವೆ. ಬೆಳಕು ಏಕ್‌ದಮ್ ಜಾಸ್ತಿಯಾದರೆ ಹವಳ ಒಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗಿಬಿಡುತ್ತದೆ.

ತುಂಡುಗಳು ಬೆಳೆಯತೊಡಗಿದರೆ ನೀರಿನ ಕ್ಯಾಲ್ಸಿಯಂ, ಅಲ್ಕಲಿನಿಟಿ (ಹವಳ ಸುಣ್ಣದ ಗೂಡು ಕಟ್ಟೋಕೆ ಬೇಕಾದ ಕಾರ್ಬೊನೇಟಿನ ಅಳತೆ) ಎರಡೂ ಇಳಿಯುತ್ತವೆ. ಅಲ್ಕಲಿನಿಟಿ ನಾನು 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ) ಒಳಗೆ ಇಡ್ತೀನಿ. ಅದಕ್ಕೆ ಹಾಕೋದು ಕಾಲ್ಕ್‌ವಾಸರ್. ಹೆಸರು ಜರ್ಮನ್, ವಸ್ತು ನಮ್ಮ ಸುಣ್ಣದ ತಿಳಿನೀರು. ಎಲೆ ಅಡಿಕೆ ಡಬ್ಬಿಯಲ್ಲಿ ಇರುತ್ತಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇಲ್ಲಿ ಉಪ್ಪಿನಕಾಯಿ ಸುಣ್ಣ ಅಂತ ಪುಡಿ ಸಿಗುತ್ತದೆ. ಇದರ ಪಿಎಚ್ 12 ದಾಟುತ್ತದೆ, ಹಾಗಾಗಿ ರಾತ್ರಿ ತೊಟ್ಟು ತೊಟ್ಟಾಗಿ ಸಂಪಿಗೆ ಬಿಡಬೇಕು. ಒಂದೇ ಸಲ ಸುರಿದರೆ ಮೀನು ಉಳಿಯಲ್ಲ.

ಹುಳದ ಮಾತು ಬಂತಲ್ಲ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಮೊಂಟಿಪೊರಾ ತುಂಡಿನ ಅಡಿ ತಿರುಗಿಸಿ ನೋಡಿದರೆ ಅಕ್ಕಿನುಚ್ಚಿನಷ್ಟೇ ಇರುವ ಬಿಳಿ ನುಡಿಬ್ರಾಂಕ್ (ಹವಳ ತಿನ್ನುವ, ಚಿಪ್ಪಿಲ್ಲದ ಬಸವನಹುಳದಂಥದ್ದು), ಪಕ್ಕದಲ್ಲೇ ಮೊಟ್ಟೆ. ದೂರು ಹೇಳಿದ್ದಕ್ಕೆ "ಡಿಪ್ ಮಾಡಿ ಕಳಿಸಿದ್ದೀವಿ" ಅಂತ ಉತ್ತರ. ಡಿಪ್, ಅಂದರೆ ಔಷಧಿ ನೀರಲ್ಲಿ ಅದ್ದೋದು, ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹೊರಗಿನಿಂದ ಬಂದ ತುಂಡುಗಳಿಗೆ ಬೇರೆ ನೀರಿನ ಪುಟ್ಟ ಕ್ವಾರಂಟೈನ್ ಟ್ಯಾಂಕ್ ಇಟ್ಟಿರೋದು ಇದಕ್ಕೇ. ಅಲ್ಲಿ ಹಳೇ ಪ್ಲಗ್ ಬಿಸಾಕಿ, ವಾರಕ್ಕೊಮ್ಮೆ ಡಿಪ್ ಮಾಡಿ, ಒಂದೆರಡು ತಿಂಗಳು ನೋಡಿ ಆಮೇಲೆ ಒಳಗೆ.

ಊರಿನ ಗೆಳೆಯರು ಬೆಂಗಳೂರಲ್ಲಿ ಮಾಡಬಹುದಾ ಅಂತ ಕೇಳ್ತಾರೆ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಿ ನೋಡಿ ಬನ್ನಿ, ಮುಟ್ಟಬೇಡಿ ಅಂತೀನಿ.

ಬೇಸ್‌ಮೆಂಟಿನ ಜಾಲರಿ ಈಗಾಗಲೇ ಮುಕ್ಕಾಲು ತುಂಬಿದೆ. ಮಾರುವ ಯೋಚನೆ ಇಲ್ಲ. ಗೊತ್ತಿರುವವರಿಗೆ ಹಂಚಿಬಿಟ್ಟರೆ ನಾಳೆ ನನ್ನ ಹೀಟರ್ ಕೈಕೊಟ್ಟು ಎಲ್ಲ ಸತ್ತರೂ ಅವರ ಮನೆಯಿಂದ ಒಂದು ತುಂಡು ವಾಪಸ್ ಕೇಳಬಹುದು, ಅಲ್ವಾ? ಶನಿವಾರ ಧಾರವಾಡದ ದಂಪತಿ ಗ್ರೀನ್ ಸ್ಟಾರ್ ಪಾಲಿಪ್ ಅನ್ನೋ ಹವಳ ಒಯ್ಯೋಕೆ ಬರ್ತಿದ್ದಾರೆ. ಮುಖ್ಯ ಬಂಡೆಗೆ ಅಂಟಿಸಬೇಡಿ, ಗಾಜಿನವರೆಗೂ ಹಬ್ಬಿಬಿಡುತ್ತೆ ಅಂತ ಫೋನಿನಲ್ಲೇ ಹೇಳಿದ್ದೇನೆ.