ಗುಂಡಿ ಒತ್ತಿದವರು, ಗುಂಡಿ ತೋಡಿದವನು

ನೆಟ್‌ವರ್ಕ್ ನೋಡಿಕೊಳ್ಳುವವನ ಅರ್ಧ ದಿನ ಮೂಕವಾದ ಫೋನುಗಳಿಗೇ ಹೋಗುತ್ತದೆ. ಕಚೇರಿಯ ಐಪಿ ಫೋನಿಗೆ ವಿದ್ಯುತ್ತೂ ನೆಟ್‌ವರ್ಕ್ ತಂತಿಯಲ್ಲೇ ಬರುವುದರಿಂದ ಮದ್ದು ಸುಲಭ: ಮಹಡಿಯ ಫೋನು, ಕಂಪ್ಯೂಟರುಗಳ ತಂತಿಗಳು ಬಂದು ಸೇರುವ ಪೆಟ್ಟಿಗೆಯಾದ ನೆಟ್‌ವರ್ಕ್ ಸ್ವಿಚ್ಚಿನೊಳಗೆ ಹೊಕ್ಕು, ಆ ಫೋನಿನ ತಂತಿ ಸೇರಿದ ಪೋರ್ಟಿಗೆ ‘ಶಟ್‌ಡೌನ್’ ಎನ್ನಬೇಕು, ಐದು ಸೆಕೆಂಡು ತಾಳಿ ‘ನೋ ಶಟ್‌ಡೌನ್’ ಎನ್ನಬೇಕು. ಫೋನ್ ಸತ್ತು ಮತ್ತೆ ಹುಟ್ಟುತ್ತದೆ. ಈ ಎರಡು ಸಾಲಿನ ಮಂತ್ರಕ್ಕಾಗಿ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುವುದು ನನಗೆ ಸಾಕಾಗಿತ್ತು.

ಒಂದು ಸಂಜೆ ಕುಳಿತು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಮ್ ಬರೆದೆ. ಎಸ್‌ಎಸ್‌ಎಚ್ (ದೂರದಿಂದಲೇ ಸುರಕ್ಷಿತವಾಗಿ ಆಜ್ಞೆ ಕೊಡುವ ದಾರಿ) ಮೂಲಕ ಸ್ವಿಚ್ಚಿನೊಂದಿಗೆ ಮಾತನಾಡುವ ಕೆಲಸವನ್ನು ನೆಟ್‌ಮಿಕೊ ಎಂಬ ಸಿದ್ಧ ಕೋಡಿನ ಲೈಬ್ರರಿ ನೋಡಿಕೊಳ್ಳುತ್ತದೆ. ನಾನು ಬರೆದದ್ದು ಅರವತ್ತು ಸಾಲು ಇರಬಹುದು. ಅದರ ಮೇಲೊಂದು ವೆಬ್ ಪುಟ: ಪೋರ್ಟುಗಳ ಪಟ್ಟಿ, ಪ್ರತಿಯೊಂದರ ಪಕ್ಕ ಒಂದು ಗುಂಡಿ. ಮರುದಿನ ಸ್ವಾಗತ ಮೇಜಿನ ಹಿರಿಯ ಸಹೋದ್ಯೋಗಿಗೆ ಅದನ್ನು ಒಪ್ಪಿಸಿದೆ. ಎಲ್ಲರ ದೂರುಗಳೂ ಮೊದಲು ಅವರ ಕಿವಿಗೇ ಬೀಳುತ್ತಿದ್ದವು. “ಇಷ್ಟೇ ಮೇಡಂ, ನಂಬರ್ ನೋಡಿ ಒತ್ತಿದರೆ ಆಯಿತು” ಎಂದು ಹೇಳಿ, ದೊಡ್ಡ ಉಪಕಾರ ಮಾಡಿದವನಂತೆ ಕೆಳಗಿಳಿದು ಬಂದೆ.

ಹನ್ನೊಂದು ಗಂಟೆಯ ಸುಮಾರಿಗೆ ಅವರೇ ಮೆಟ್ಟಿಲಿಳಿದು ನನ್ನ ಮುಂದೆ ನಿಂತರು. ಫೋನ್ ಮಾಡದೆ ನಡೆದು ಬಂದದ್ದೇಕೆ ಎಂದು ಕೇಳುವ ಮೊದಲೇ ಉತ್ತರ ಹೊಳೆದು ಎದೆ ಧಸಕ್ಕೆಂದಿತು.

“ನೀವು ಹೇಳಿದ ಹಾಗೆಯೇ ಮಾಡಿದೆ. ಗೋಡೆಯ ಮೇಲೆ 24 ಎಂದಿತ್ತು, ಪಟ್ಟಿಯಲ್ಲೂ 24 ಇತ್ತು. ಒತ್ತಿದೆ. ಚಕ್ರ ಸುತ್ತುತ್ತಲೇ ಇದೆ. ಈಗ ಮಹಡಿಯಲ್ಲಿ ಯಾರ ಫೋನೂ ಇಲ್ಲ, ಯಾರ ಕಂಪ್ಯೂಟರೂ ಇಲ್ಲ.”

ಗೋಡೆಯ 24ನೇ ಸಾಕೆಟ್ಟು ಸ್ವಿಚ್ಚಿನ 9ನೇ ಪೋರ್ಟಿಗೆ ಸೇರಿತ್ತು. ಸ್ವಿಚ್ಚಿನ 24ನೇ ಪೋರ್ಟು ಅಪ್‌ಲಿಂಕ್; ಇಡೀ ಮಹಡಿಯನ್ನು ಹೊರಜಗತ್ತಿಗೆ ಜೋಡಿಸುವ ತಂತಿ. ನನ್ನ ಪ್ರೋಗ್ರಾಮ್ ವಿಧೇಯವಾಗಿ ‘ಶಟ್‌ಡೌನ್’ ಕಳುಹಿಸಿತ್ತು. ‘ನೋ ಶಟ್‌ಡೌನ್’ ಕೂಡ ಅದೇ ತಂತಿಯಲ್ಲಿ ಹೋಗಬೇಕಿತ್ತು! ಕುಳಿತ ಕೊಂಬೆಯನ್ನೇ ಕಡಿದ ಆ ಮಹಾಶಯನ ಕೈಗೆ ಕೊಡಲಿ ಕೊಟ್ಟವನು ನಾನೇ.

ಮೇಲಕ್ಕೆ ಓಡಿದೆ. ನೆಟ್‌ವರ್ಕ್ ಇಲ್ಲದೆಯೂ ಸ್ವಿಚ್ಚಿಗೆ ನೇರವಾಗಿ ಆಜ್ಞೆ ಕೊಡಲು ಬೇಕಾದ ಕನ್ಸೋಲ್ ಕೇಬಲ್ ಎಂಬುದು ಬೇಕಾದಾಗ ಸಿಕ್ಕಿದ್ದುಂಟೇ? ಕೊನೆಗೆ ಸ್ವಿಚ್ಚಿನ ವಿದ್ಯುತ್ ತಂತಿಯನ್ನೇ ಕಿತ್ತು ಮತ್ತೆ ಸಿಕ್ಕಿಸಿದೆ. ಬದಲಾವಣೆಯನ್ನು ಶಾಶ್ವತವಾಗಿ ಉಳಿಸುವ ‘ರೈಟ್ ಮೆಮೊರಿ’ ಪ್ರೋಗ್ರಾಮಿನ ಕಟ್ಟಕಡೆಯ ಸಾಲಾಗಿತ್ತು. ಅದೂ ದಾರಿಯಲ್ಲೇ ಸತ್ತಿತ್ತು. ಹಾಗಾಗಿ ಸ್ವಿಚ್ಚು ಎದ್ದಾಗ ಉಳಿಸಿಟ್ಟಿದ್ದ ಹಳೆಯ ಸಂರಚನೆಯನ್ನೇ ಓದಿಕೊಂಡು ಎದ್ದಿತು. ಅದು ಏಳುವ ಆ ಕೆಲವು ನಿಮಿಷ ಇಡೀ ಮಹಡಿ ನನ್ನನ್ನೇ ನೋಡುತ್ತಿತ್ತು.

ನನ್ನನ್ನು ಹೆಚ್ಚು ಚುಚ್ಚಿದ್ದು ಆ ನೋಟವಲ್ಲ. ಸಹೋದ್ಯೋಗಿ ಕ್ಷಮೆ ಕೇಳಿದರು. “ನನಗೆ ಇದೆಲ್ಲ ತಿಳಿಯುವುದಿಲ್ಲ, ಇನ್ನು ಮುಟ್ಟುವುದಿಲ್ಲ” ಎಂದರು. ಗುಂಡಿ ಒತ್ತಿದವರು ಅವರು, ಗುಂಡಿ ತೋಡಿದವನು ನಾನು. ತಪ್ಪೊಪ್ಪಿಗೆ ಮಾತ್ರ ಅವರದು. ಗೋಡೆಯಲ್ಲಿ 24 ಕಂಡವರು ಪಟ್ಟಿಯಲ್ಲಿ 24 ಒತ್ತದೆ ಇನ್ನೇನನ್ನು ಒತ್ತಬೇಕಿತ್ತು?

ರಿಪೇರಿಯಲ್ಲಿ ಪ್ರೋಗ್ರಾಮಿನ ಪಾಲು ಚಿಕ್ಕದು. ಗುಂಡಿ ಒತ್ತಿದೊಡನೆ ಅದು ಈಗ ಪೋರ್ಟನ್ನು ಮೊದಲು ವಿಚಾರಿಸುತ್ತದೆ: ನೀನು ಹಲವು ಜಾಲಗಳ ಸಂಚಾರವನ್ನು ಒಟ್ಟಿಗೆ ಹೊರುವ ಟ್ರಂಕ್ ಪೋರ್ಟೇ? ನಿನ್ನ ಹಿಂದೆ ಎಷ್ಟು ಮ್ಯಾಕ್ ವಿಳಾಸಗಳಿವೆ, ಅಂದರೆ ಎಷ್ಟು ಉಪಕರಣಗಳಿವೆ? ಒಂದು ಫೋನ್, ಅದಕ್ಕೆ ತಗುಲಿಕೊಂಡ ಒಂದು ಕಂಪ್ಯೂಟರ್, ಹೀಗೆ ಎರಡಕ್ಕಿಂತ ಹೆಚ್ಚು ಕಂಡರೆ ಕೈ ಹಚ್ಚುವುದಿಲ್ಲ. ಜುನೋಸ್ ಎಂಬ ತಂತ್ರಾಂಶ ಓಡುವ ನೆಟ್‌ವರ್ಕ್ ಉಪಕರಣಗಳಲ್ಲಿ ‘ಕಮಿಟ್ ಕನ್ಫರ್ಮ್ಡ್’ ಎಂಬ ಅನುಕೂಲವಿದೆ. ಬೇರೆ ಅವಧಿ ಹೇಳದಿದ್ದರೆ, 10 ನಿಮಿಷದೊಳಗೆ ದೃಢಪಡಿಸದ ಬದಲಾವಣೆಯನ್ನು ಉಪಕರಣ ತಾನೇ ಹಿಂದಕ್ಕೆ ಪಡೆಯುತ್ತದೆ. ನಮ್ಮ ಸ್ವಿಚ್ಚುಗಳಲ್ಲಿ ಅದಿಲ್ಲವಲ್ಲ ಎಂದು ಆ ದಿನ ಹೊಟ್ಟೆಯುರಿದುಕೊಂಡೆ.

ದೊಡ್ಡ ಕೆಲಸ ಪುಟದ ಮೇಲಿನ ಮಾತುಗಳದು. ‘ಗಿಗಾಬಿಟ್ 1/0/9’ ಎಂಬ ಪೋರ್ಟಿನ ಹೆಸರು ನನಗೆ ಊರಿನ ಹೆಸರಿದ್ದಂತೆ. ಅವರಿಗೆ ಅದು ಏನೂ ಅಲ್ಲ. ಅವರಿಗೆ ಗೊತ್ತಿರುವುದು ಕೋಣೆ, ಮೇಜು, ಗೋಡೆಯ ಸಾಕೆಟ್ಟು. ಆದ್ದರಿಂದ ಎರಡು ದಿನ ಕೇಬಲ್ ಟೆಸ್ಟರ್ ಹಿಡಿದು ಮೇಜುಗಳಡಿ ತೂರಿದೆ. ಯಾವ ಸಾಕೆಟ್ಟು ಪ್ಯಾಚ್ ಪ್ಯಾನೆಲ್ಲಿನ (ಗೋಡೆಯೊಳಗಿನ ತಂತಿಗಳು ಬಂದು ಮುಗಿಯುವ ಹಲಗೆ) ಎಲ್ಲಿಗೆ, ಅಲ್ಲಿಂದ ಯಾವ ಪೋರ್ಟಿಗೆ ಎಂದು ಬರೆದುಕೊಂಡೆ. ಹಳೆಯ ನಕ್ಷೆಯೊಂದು ಇತ್ತು. ಅದನ್ನು ನಂಬಿದ್ದರೆ ಇನ್ನೊಂದು ಮಹಡಿಯೂ ಮಲಗುತ್ತಿತ್ತು. ಪೋರ್ಟು ಸೇರುವ ಉಪಜಾಲವನ್ನು (ವಿಲ್ಯಾನ್) ಬದಲಿಸುವ ಗುಂಡಿಯನ್ನು ಕಿತ್ತುಹಾಕಿದೆ. ಅದನ್ನು ಯಾರೂ ಕೇಳಿರಲೇ ಇಲ್ಲ, ನನ್ನ ಜಾಣತನದ ಪ್ರದರ್ಶನಕ್ಕೆ ಇಟ್ಟದ್ದು. ಉಳಿದದ್ದು ಒಂದೇ: ‘ಈ ಮೇಜಿನ ಫೋನನ್ನು ಆರಿಸಿ ಹೊತ್ತಿಸಿ’. ಕೆಳಗೆ ಒಂದು ಸಾಲು: ‘ಎರಡು ನಿಮಿಷ ಬೇಕು, ಅಲ್ಲಿಯವರೆಗೆ ಮತ್ತೆ ಒತ್ತಬೇಡಿ’.

ಹೊಸ ಪುಟ ಹಿಡಿದು ಮತ್ತೆ ಸ್ವಾಗತ ಮೇಜಿಗೆ ಹೋದೆ. ಈ ಸಲ ವಿವರಿಸಲಿಲ್ಲ, ಪಕ್ಕದಲ್ಲಿ ಸುಮ್ಮನೆ ಕುಳಿತೆ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

“17 ಎಲ್ಲಿ?”

ನಾನು ನನ್ನ ಹಾಳೆ ನೋಡಿದೆ. 16 ಇತ್ತು, 18 ಇತ್ತು. “ಮೇಡಂ, 17 ಇಲ್ಲ” ಎಂದೆ.

“ಇದೆ. ದಾಖಲೆಗಳ ಕಪಾಟಿನ ಹಿಂದೆ. ಮೊದಲು ಅಲ್ಲಿ ನನ್ನ ಮೇಜು ಇತ್ತು” ಎಂದು ಅವರು ಎದ್ದು ನಿಂತರು. ಕಪಾಟಿನ ಒಂದು ಬದಿಯನ್ನು ಅವರು ಹಿಡಿದರು, ಇನ್ನೊಂದನ್ನು ನಾನು.