ಕಲ್ಲೆತ್ತಿ ನೋಡುವ ಕೆಲಸ: ಬಿಳಿಚಿಮಟದ ಕ್ರೇಫಿಶ್

ಭಾರತದಲ್ಲಿ ಸ್ಥಳೀಯ ಕ್ರೇಫಿಶ್ ಇಲ್ಲ. ಏಡಿಯ ಚಿಮಟ ಅಂಟಿಸಿಕೊಂಡ ಸೀಗಡಿ ಎಂದುಕೊಂಡರೆ ರೂಪ ಸಿಕ್ಕಿತು. ಇಂಗ್ಲೆಂಡಿನ ತೊರೆಗಳಲ್ಲಿರುವ ಬಿಳಿಚಿಮಟದ ಜಾತಿಯನ್ನು ಹುಡುಕಲು ಲೈಸೆನ್ಸ್ ಬೇಕು. ಅದಕ್ಕಿಂತ ಮೊದಲು ಬೂಟು, ಬಲೆ, ಬಕೆಟ್‌ಗಳಿಗೆ ಸೋಂಕುನಿವಾರಕ ಹಾಕಿ ಪೂರ್ತಿ ಒಣಗಿಸಿರಬೇಕು. ಕ್ರೇಫಿಶ್ ಪ್ಲೇಗಿನ ಬೀಜಾಣು ಒದ್ದೆ ಬೂಟಿನಲ್ಲೇ ಊರು ದಾಟುತ್ತದೆ. 1970ರ ದಶಕದಲ್ಲಿ ಸಾಕಣೆಗೆಂದು ತಂದ ಅಮೆರಿಕದ ಸಿಗ್ನಲ್ ಕ್ರೇಫಿಶ್ ಈ ರೋಗ ಹೊತ್ತೂ ಸಾಮಾನ್ಯವಾಗಿ ಆರಾಮಾಗಿರುತ್ತದೆ; ಸ್ಥಳೀಯ ಜಾತಿಗೆ ತಗುಲಿದರೆ ಕೆಲವೇ ವಾರಗಳಲ್ಲಿ ತೊರೆಯೇ ಖಾಲಿ.

ಜುಲೈಯಿಂದ ಸೆಪ್ಟೆಂಬರ್ ಸರಿಯಾದ ಕಾಲ. ಅದಕ್ಕೂ ಮುಂಚೆ ಹೆಣ್ಣುಗಳ ಬಾಲದಡಿ ಮೊಟ್ಟೆ, ಮರಿ ಇರುತ್ತವೆ. ಕೆಳಗಿನಿಂದ ಹರಿವಿಗೆ ಎದುರಾಗಿ ನಡೆಯಬೇಕು, ಇಲ್ಲದಿದ್ದರೆ ನಾವೇ ಕದಡಿದ ರಾಡಿ ಮುಂದಿನ ಕಲ್ಲನ್ನು ಮುಚ್ಚುತ್ತದೆ. ಕಲ್ಲನ್ನು ಮೆಲ್ಲಗೆ ಎತ್ತಿ, ಬಲೆಯನ್ನು ಪ್ರಾಣಿಯ ಬಾಲದ ಹಿಂದೆ ಹಿಡಿಯಿರಿ. ಹೆದರಿದ ಕ್ರೇಫಿಶ್ ಬಾಲ ಮಡಚಿ ಹಿಂದಕ್ಕೇ ಚಿಮ್ಮುತ್ತದೆ. ಹಿಡಿದ ಮೇಲೆ ಬೆನ್ನುಚಿಪ್ಪಿನ ಎರಡು ಬದಿ ಒತ್ತಿ ಮಗುಚಿದರೆ, ಚಿಮಟದ ಅಡಿ ಮಾಸಲು ಬಿಳಿ. ಅಡಿ ಕೆಂಪಾಗಿದ್ದು ಚಿಮಟದ ಸಂದಿನಲ್ಲಿ ಬಿಳಿ-ನೀಲಿ ಮಚ್ಚೆ ಇದ್ದರೆ ಅದು ಸಿಗ್ನಲ್. ಆ ತೊರೆಯ ಭವಿಷ್ಯ ಅಲ್ಲಿಗೇ ಗೊತ್ತಾಯಿತು. ಕ್ಯಾಲಿಪರ್‌ನಿಂದ ಬೆನ್ನುಚಿಪ್ಪಿನ ಉದ್ದ ಅಳೆದು, ಗಂಡೋ ಹೆಣ್ಣೋ ಬರೆದುಕೊಳ್ಳಬೇಕು. ಬಾಲದಡಿಯ ಮಾಂಸ ಸುಣ್ಣದಂತೆ ಬೆಳ್ಳಗಾಗಿದ್ದರೆ ಪಾರ್ಸಲೇನ್ (ಪಿಂಗಾಣಿ) ರೋಗ, ಅಂದರೆ ಮಾಂಸಕ್ಕೆ ಹತ್ತುವ ಪರಾವಲಂಬಿಯ ಗುಮಾನಿ. ಎತ್ತಿದ ಕಲ್ಲು ಇದ್ದಂತೆಯೇ ವಾಪಸ್ ಕೂರಬೇಕು.

ಬೋನು ಇಟ್ಟರೆ ಕೆಲಸ ಸುಲಭ, ಆದರೆ ಬೋನಿಗೆ ಬೀಳುವುದು ಹೆಚ್ಚಾಗಿ ದೊಡ್ಡ ಗಂಡುಗಳು. ಮರಿ ಕಾಣದೆ ಸಂತಾನ ಮುಂದುವರಿದಿದೆ ಎನ್ನಲು ಬರುವುದಿಲ್ಲ. ಪ್ರಾಣಿ ನೀರಿನಲ್ಲಿ ಬಿಟ್ಟ ಡಿಎನ್‌ಎ ಹುಡುಕುವ ಪರೀಕ್ಷೆ, ಕ್ರೇಫಿಶ್ ಇದೆಯೋ ಇಲ್ಲವೋ ಎಂದು ಹೇಳೀತು. ಎಷ್ಟಿವೆ, ಯಾವ ವಯಸ್ಸಿನವು ಎಂದಲ್ಲ.

ನಿಜವಾದ ತಲೆನೋವು ಆಮೇಲೆ. ಅಳಿವಿನ ಅಪಾಯಕ್ಕೆ ತಕ್ಕಂತೆ ಜಗತ್ತಿನ ಜೀವಿಗಳಿಗೆ ದರ್ಜೆ ಕೊಡುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಬಿಳಿಚಿಮಟ 2010ರಿಂದ 'ಅಪಾಯದಂಚಿನ' ಜಾತಿ. ಸಂಖ್ಯೆಯ ಕುಸಿತದ ಮೇಲೆ ಈ ದರ್ಜೆ ಕೊಡಲು ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಆ ಅವಧಿಯಲ್ಲಿ ಕನಿಷ್ಠ ಶೇ. 50 ಇಳಿದಿರಬೇಕು. ಶೇ. 80 ಆದರೆ ಅದಕ್ಕೂ ಗಂಭೀರ ದರ್ಜೆ. ವಾಸದ ಪ್ರದೇಶವನ್ನು 2×2 ಕಿ.ಮೀ. ಚೌಕಗಳಲ್ಲಿ ಎಣಿಸುತ್ತಾರೆ. ಇಲ್ಲೇ ಲೆಕ್ಕ ದಾರಿ ತಪ್ಪುವುದು: ಹುಡುಕುವವರು ಹೆಚ್ಚಾದರೆ ನಕ್ಷೆಯಲ್ಲಿ ಹೊಸ ಚುಕ್ಕೆಗಳು ಹೆಚ್ಚುತ್ತವೆ, ಪ್ರಾಣಿಯೇ ಹೆಚ್ಚಿದಂತೆ ಕಾಣುತ್ತದೆ. ಅದೇ ತಾಣ, ಅದೇ ತಿಂಗಳು, ಅಷ್ಟೇ ಕಲ್ಲು — ಇವನ್ನು ಮಾತ್ರ ಹೋಲಿಸಿ. ಇನ್ನು 'ಸೊನ್ನೆ' ಎಂದು ಬರೆಯುವ ಮುನ್ನ ನೀರು ಎಷ್ಟು ಕಾಣುವಂತಿತ್ತು, ಎತ್ತಲಾಗದ ಬಂಡೆಗಳು ಎಷ್ಟಿದ್ದವು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಮಳೆ ಬಂದು ತೊರೆ ಕೆಂಪಾಗಿದ್ದ ದಿನದ ಸೊನ್ನೆಯನ್ನು ಕುಸಿತದ ಲೆಕ್ಕಕ್ಕೆ ಸೇರಿಸಬಾರದು.