ಸೈಕಲ್ಲಿಗೆ 185 ಬರುವುದಿಲ್ಲ ಅಂದವ ನಾನೇ

ನಮ್ಮ ಕಕ್ಷಿದಾರರು ಮಲ್ಪೆ ಬಂದರಿನಲ್ಲಿ ಮೀನು ಇಳಿಸುವ ಕೆಲಸದವರು. ರಾತ್ರಿ ಕುಡಿದು ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಪೊಲೀಸರು ಹಿಡಿದು ಊದಿಸಿದ್ದಾರೆ. ರೀಡಿಂಗ್ 112. ಮಿತಿ ಇರುವುದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಹಾಕಿದ್ದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185, ಅಂದರೆ ಕುಡಿದು ವಾಹನ ಓಡಿಸಿದ ಕೇಸು. ಚೇಂಬರಿಗೆ ಬಂದವರು ಹೇಳಿದ್ದು ಒಂದೇ ಮಾತು: "ವಕೀಲ್ರೆ, ತಪ್ಪೊಪ್ಪಿ ದಂಡ ಕಟ್ಟಿ ಮುಗಿಸುವ."

ನಾನು ಬಿಡಬೇಕಲ್ಲ! ಸೈಕಲ್ಲಿಗೆ ಎಲ್ಲಿಯ 185? ಅದು ಮೋಟಾರು ವಾಹನಕ್ಕೆ ಮಾತ್ರ. ಸೈಕಲ್, ಎತ್ತಿನ ಗಾಡಿ, ಕುದುರೆ ಯಾವುದೂ ಅದರಲ್ಲಿ ಬರುವುದಿಲ್ಲ. ಜಾಸ್ತಿ ಅಂದರೆ ಕುಡಿದು ಸಾರ್ವಜನಿಕ ಜಾಗದಲ್ಲಿ ರಂಪ ಮಾಡಿದ್ದಕ್ಕೆ ಬಿಎನ್‌ಎಸ್ (ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) 355, ಅಂದರೆ 24 ಗಂಟೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಹಳೆಯ ಐಪಿಸಿ 510ರಲ್ಲಿ ಅದೇ ತಪ್ಪಿಗೆ ದಂಡ 10 ರೂಪಾಯಿ ಇತ್ತು, ಒಂದು ಚಾಯಕ್ಕೆ ಆಗುವಷ್ಟು. ಅಡ್ಡಾದಿಡ್ಡಿ ಓಡಿಸಿದ್ದರೆ ಬಿಎನ್‌ಎಸ್ 281 ಹಾಕಬಹುದಿತ್ತು, ಅದು ಸೈಕಲ್ಲಿಗೂ ಕುದುರೆಗೂ ಹತ್ತುತ್ತದೆ, ಆದರೆ ಇವರು ಪಾಪ ನಿಧಾನ ಹೋಗುತ್ತಿದ್ದರಂತೆ.

ಸೀನಿಯರ್ ಕಾಸ್ ಲಿಸ್ಟ್‌ನಿಂದ (ಆ ದಿನದ ಕೇಸುಗಳ ಪಟ್ಟಿಯಿಂದ) ತಲೆ ಎತ್ತದೆ ಕೇಳಿದರು, "ಗಾಡಿ ನೋಡಿ ಬಂದಿದ್ದೀಯಾ?"

"ಸೈಕಲ್ ಸರ್, ಅದರಲ್ಲಿ ನೋಡುವಂಥದ್ದು ಎಂತ ಉಂಟು?"

ಸ್ಟೇಷನ್ ನಮ್ಮ ಚೇಂಬರಿನಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಮಹಜರಿನ ಪ್ರತಿ ಕೊಟ್ಟಿದ್ದರು, ಕಾರ್ಬನ್ ಕಾಪಿಯ ಜೆರಾಕ್ಸಿನ ಜೆರಾಕ್ಸ್. ಅರ್ಧ ಅಕ್ಷರ ಕಾಣುತ್ತಿರಲಿಲ್ಲ. ಕಾಣದಿದ್ದದ್ದನ್ನು ನಾನು ಸುಮ್ನೆ ಊಹಿಸಿಕೊಂಡೆ.

ಆ ದಿನ ಕೋರ್ಟಿನಲ್ಲಿ ಒಳ್ಳೆಯ ಹುರುಪು ಇತ್ತು ನನಗೆ. ಇಂಗ್ಲೆಂಡಿನ 1872ರ ಲೈಸೆನ್ಸಿಂಗ್ ಆ್ಯಕ್ಟಿನಲ್ಲಿ ಕುಡಿದು ಗಾಡಿ, ಕುದುರೆ, ದನ, ಉಗಿ ಎಂಜಿನ್ ನೋಡಿಕೊಳ್ಳುವುದೂ ಅಪರಾಧ, ನಮ್ಮ ಶಾಸಕಾಂಗ ಬೇಕೆಂದೇ 185ನ್ನು ಮೋಟಾರಿಗೆ ಸೀಮಿತ ಮಾಡಿದೆ ಅಂತೆಲ್ಲ ಶುರು ಮಾಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ "ಕಂಬಳದ ಕೋಣಕ್ಕೂ ಬರುವುದಿಲ್ವಾ?" ಅಂದರು, ನಗು ಬಂತು, ನಾನೂ ನಕ್ಕೆ. ಎಪಿಪಿ, ಅಂದರೆ ಸರ್ಕಾರಿ ವಕೀಲರು, ನಗಲಿಲ್ಲ. ಮೂಲ ಮಹಜರು ತೆಗೆದು ಬೆಂಚ್ ಕ್ಲರ್ಕ್ ಕೈಗೆ ಕೊಟ್ಟರು. ಮ್ಯಾಜಿಸ್ಟ್ರೇಟ್ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು, "ವಕೀಲರೇ, ಮೋಟಾರ್ ಎಷ್ಟು ವಾಟ್?"

ಯಾವ ಮೋಟಾರ್?

ಹಿಂದೆ ತಿರುಗಿ ಕಕ್ಷಿದಾರರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. ಫ್ಯಾನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಫೈಲ್ ತಿರುವಿದೆ, ಅದರಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಇನ್ನೊಮ್ಮೆ ತಿರುವಿದೆ. ಕೊನೆಗೆ ಬಾಯಿಗೆ ಬಂದದ್ದು "ಪಾಸ್ ಓವರ್ ಸರ್", ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ.

ಹೊರಗೆ ಬಂದು ಕೇಳಿದರೆ, ಬ್ಯಾಟರಿ ಸೈಕಲ್ಲಂತೆ. "ಎಲ್ಲರೂ ಅದನ್ನು ಸೈಕಲ್ ಅಂತಲೇ ಹೇಳುವುದು ವಕೀಲ್ರೆ." ಅದೂ ಹೌದು. ಮೋಟಾರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದಿದ್ದರೆ ಅದು ಮೋಟಾರು ವಾಹನವೇ ಅಲ್ಲ ಅಂತ ವಾದಿಸಬಹುದಿತ್ತು. ಆದರೆ ಏರು ಹತ್ತುವುದಿಲ್ಲ ಅಂತ ಅಂಗಡಿಯವನ ಹತ್ತಿರ ದೊಡ್ಡ ಮೋಟಾರ್ ಹಾಕಿಸಿದ್ದಾರೆ. ಮೋಟಾರು ವಾಹನ ಇನ್‌ಸ್ಪೆಕ್ಟರ್ ರಿಪೋರ್ಟ್ ತರಿಸಬೇಕೆಂದು ಎಪಿಪಿ ಕೇಳಿದರು, ಬಂತು: 500 ವಾಟ್. ನಾನು ತಕರಾರು ತೆಗೆಯದಿದ್ದರೆ ಅದನ್ನು ಯಾರೂ ಅಳೆಯುತ್ತಿರಲಿಲ್ಲ, ಅದೇ ನನಗೆ ಈಗಲೂ ಚುಚ್ಚುವುದು. 185ರ 10,000 ಹೇಗೂ ಇತ್ತು. ಅದರ ಮೇಲೆ ಲೈಸೆನ್ಸ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ ಅಂತ ಹೆಚ್ಚುವರಿ ಚಾರ್ಜ್‌ಶೀಟ್.

ಕೊನೆಗೆ ಎಲ್ಲದಕ್ಕೂ ತಪ್ಪೊಪ್ಪಿಕೊಂಡರು. ಫೀಸ್ ಕೇಳುವ ಮುಖ ನನಗಿರಲಿಲ್ಲ. ಸೀನಿಯರ್ ಮಾತ್ರ ಟೈಪಿಂಗ್ ಖರ್ಚು ತಗೊಳ್ಳಲಿಕ್ಕೆ ಮರೆಯಲಿಲ್ಲ.

ಮೊನ್ನೆ ಸಂತೆಕಟ್ಟೆಯಲ್ಲಿ ಸಿಕ್ಕಿದರು. ಮಾಮೂಲಿ ತುಳಿಯುವ ಸೈಕಲ್, ಬಾಯಲ್ಲಿ ಸಣ್ಣ ವಾಸನೆ. "ಇದಕ್ಕೆ 185 ಬರುವುದಿಲ್ಲ ಅಲ್ವಾ ವಕೀಲ್ರೆ?"

"ಮೊದಲು ಇಳಿಯಿರಿ ಮಾರಾಯ್ರೆ" ಅಂದೆ. ಬಗ್ಗಿ ಚೈನಿನ ಹತ್ತಿರ, ಎರಡು ಚಕ್ರದ ನಡುವೆ, ಕ್ಯಾರಿಯರ್ ಕೆಳಗೆ ಎಲ್ಲ ನೋಡಿದೆ.